ಡಬ್ಬಿಯ ಫೋನು

ತ್ರಿವೇಣಿ ತೈವಾನಿಗೆ ಹೋದಳೆಂಬುದು ಪುಣೆಯ ಯೆರವಡಾದ ಆ ಓಣಿಗೆಲ್ಲ ಗೊತ್ತಿತ್ತು. ಅವಳು ನಿಜವಾಗಿ ಹೋಗಿರಲೇ ಇಲ್ಲ ಎಂಬುದು ಮಾತ್ರ ಮೂರು ತಿಂಗಳು ಯಾರಿಗೂ ತಿಳಿಯಲಿಲ್ಲ, ಹೆತ್ತ ತಾಯಿ ಶಿವಕಾಂತಾಗೂ.

ಮನೆಯೆಂದರೆ ಕೆಳಗೆ ಖಾನಾವಳಿ, ಮೇಲೆ ಎರಡು ಕೋಣೆ. ಶಿವಕಾಂತಾಳ ಮಾವ ಆಳಂದದ ಕಡೆಯಿಂದ ಬಂದು ಹೂಡಿದ ಒಲೆ ಅದು. ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ. ಮೊದಲು ಊರ ಕಡೆಯ ಗೌಂಡಿಗಳು ಬಂದು ಕೂತು ಉಣ್ಣುತ್ತಿದ್ದರು. ಈಗ ಐಟಿ ಪಾರ್ಕಿನ ಆಫೀಸುಗಳಿಗೆ ಹೋಗುವ ಡಬ್ಬಿಗಳೇ ಹೆಚ್ಚು. ಅತ್ತೆ ರುದ್ರವ್ವ ರೊಟ್ಟಿ ಬಡಿಯುವವಳು, ಶಿವಕಾಂತಾ ಪಲ್ಯ ಬೇಯಿಸುವವಳು, ಗಂಡ ಬಸವಪ್ರಭು ಗಲ್ಲೆಯ ಮೇಲೆ ಕೂರುವವನು, ಮಗ ಅಭಿಲಾಷ ಕಾಲೇಜಿಗೆ ಹೋಗುವ ಮೊದಲು ಸ್ಕೂಟರಿನ ಮೇಲೆ ಡಬ್ಬಿ ಮುಟ್ಟಿಸುವವನು. ಇವರೆಲ್ಲರನ್ನೂ ಒಂದು ದಾರದಲ್ಲಿ ಹಿಡಿದಿದ್ದವಳು ಮಗಳು ತ್ರಿವೇಣಿ. ಪ್ರತಿ ಡಬ್ಬಿಯ ಮುಚ್ಚಳದ ಮೇಲೆ ಅಂಟಿಸಿದ ವಾಟ್ಸಾಪ್ ನಂಬರಿಗೆ ಉತ್ತರ ಬರೆಯುತ್ತಿದ್ದವಳು ಅವಳು. ಯಾರಿಗೆ ಇವತ್ತು ಉಪವಾಸ, ಯಾರಿಗೆ ಖಾರ ಆಗದು, ಯಾವ ಆಫೀಸಿಗೆ ಎರಡು ರೊಟ್ಟಿ ಹೆಚ್ಚು ಎಂಬುದನ್ನೆಲ್ಲ ಮರಾಠಿಯಲ್ಲೊಮ್ಮೆ, ಹಿಂದಿಯಲ್ಲೊಮ್ಮೆ ಕೇಳಿ ತಿಳಿದು ಒಳಗೆ ಕನ್ನಡದಲ್ಲಿ ಕೂಗುತ್ತಿದ್ದಳು.

ಕಾಲೇಜು ಮುಗಿಸಿ ಸಂಜೆಯ ಕ್ಲಾಸಿನಲ್ಲಿ ಅವಳು ಚೀನೀ ಭಾಷೆ ಕಲಿಯಲು ಹೋದಾಗ ಯಾರೂ ಅದನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ. ಚಾಕಣದ ಕಾರ್ಖಾನೆಗಳಲ್ಲಿ ದುಭಾಷಿಗಳು ಬೇಕಾಗಿದ್ದಾರೆ ಎಂದಳು, ಸರಿ ಎಂದರು. ಆದರೆ ತೈವಾನ್ ಸರಕಾರದ ವಿದ್ಯಾರ್ಥಿವೇತನ ಸಿಕ್ಕಿದೆ, ತೈನಾನ್ ಎಂಬ ಊರಿನಲ್ಲಿ ಒಂದು ವರ್ಷ ಇರಬೇಕು ಎಂದಾಗ ರುದ್ರವ್ವ ರೊಟ್ಟಿಯ ಹಿಟ್ಟು ಬಿಟ್ಟು ಕೈ ಝಾಡಿಸಿದಳು.

"ಮರಾಠಿ ಬಂತು, ಹಿಂದಿ ಬಂತು, ಇಂಗ್ಲಿಷ್ ಬಂತು. ಇನ್ನ ಚೀನಾದವ್ರಿಗೆ ಯಾರು ರೊಟ್ಟಿ ನೀಡೋದದ?"

ಇಂದಾಪುರದಲ್ಲಿ ರುದ್ರವ್ವನ ತವರಿನ ಸಂಬಂಧಿಕರಿದ್ದರು. ಬೀಜ-ಗೊಬ್ಬರದ ಅಂಗಡಿ, ಚನ್ನವೀರ ಎಂಬ ಮಗ. ಅವನಿಗೆ ತ್ರಿವೇಣಿಯನ್ನು ಕೊಡುವ ಮಾತು ಅರ್ಧಕ್ಕೆ ಬಂದಿತ್ತು. ಅತ್ತೆಗೆ ಎಂದೂ ಎದುರು ನುಡಿಯದ ಶಿವಕಾಂತಾ ಅಂದು ಬಾಯಿ ತೆರೆದಳು. "ಒಂದು ವರ್ಷ ಹೋಗ್ಲಿ ಬಿಡ್ರಿ ಅತ್ತಿ. ಅಕಿ ಕಷ್ಟಪಟ್ಟು ಗಳಿಸ್ಯಾಳ."

ರುದ್ರವ್ವ ಸೊಸೆಯನ್ನು ಹೊಸಬಳನ್ನು ನೋಡುವಂತೆ ನೋಡಿದಳು. "ಆತು. ವರ್ಷ ಪೂರಾ ಮಾಡಿ ಬಂದ್ರ ನಾ ಏನೂ ಅನ್ನಂಗಿಲ್ಲ, ಅಕಿ ಮನಸ್ಸಿಗೆ ಬಂದದ್ದು ಮಾಡ್ಲಿ. ನಡುವ ತಿರುಗಿ ಬಂದ್ಲಂದ್ರ ಇಂದಾಪುರದವ್ರಿಗೆ ಹೂಂ ಅಂತೀನಿ. ಆವಾಗ ನೀನೂ ಬಾಯಿ ತಗೀಬ್ಯಾಡ."

ಶಿವಕಾಂತಾ ಒಪ್ಪಿಕೊಂಡಳು. ಮಗಳ ಪೆಟ್ಟಿಗೆಯಲ್ಲಿ ಖಡಕ್ ರೊಟ್ಟಿಯ ಕಟ್ಟು, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ತುಂಬಿದಳು.

ಮೊದಲ ವಾರಗಳು ಹಬ್ಬದಂತಿದ್ದವು. ಮಗಳು ಫೋಟೋ ಕಳಿಸಿದ್ದೇ ಕಳಿಸಿದ್ದು. ಹಾಸ್ಟೆಲ್ಲಿನ ಕೋಣೆ, ವಿಯೆಟ್ನಾಮಿನ ಗೆಳತಿ, ಬೀದಿ ತುಂಬ ಸ್ಕೂಟರು. ಶಾಕಾಹಾರಿ ಊಟದ ಅಂಗಡಿಯ ಬಾಗಿಲ ಮೇಲೆ ಸ್ವಸ್ತಿಕದ ಗುರುತು ಇರುವುದನ್ನು ಕಂಡು ರುದ್ರವ್ವ ಕೂಡ ಕನ್ನಡಕ ಏರಿಸಿ, "ಅಂದ್ರ ಅಲ್ಲೂ ನಮ್ಮಂಥವ್ರು ಅದಾರ ಅನ್ನು," ಎಂದಳು.

ಡಬ್ಬಿಯ ಕೆಲಸವೂ ನಿಲ್ಲಲಿಲ್ಲ. ಆ ನಂಬರಿನ ಸಿಮ್ ಕಾರ್ಡು ಗಲ್ಲೆಯ ಹಳೆಯ ಫೋನಿನಲ್ಲೇ ಉಳಿದರೂ ಗಿರಾಕಿಗಳ ವಾಟ್ಸಾಪು ತ್ರಿವೇಣಿಯ ಫೋನಿನಲ್ಲಿತ್ತು. ಅಲ್ಲಿಂದಲೇ ಎಲ್ಲರಿಗೂ ಉತ್ತರಿಸಿ, ಯಾರಿಗೆ ಏನು ಎಂದು ಅಪ್ಪನಿಗೆ ಬರೆದು ಕಳಿಸುತ್ತಿದ್ದಳು. ಬಸವಪ್ರಭುವಿಗೆ ಇದು ಹೆಮ್ಮೆಯ ಮಾತಾಯಿತು. ಬಂದ ಗಿರಾಕಿಗೆಲ್ಲ, "ನಮ್ಮ ಹುಡುಗಿ ತೈವಾನದಾಗ ಕುಂತು ಕಲ್ಯಾಣಿನಗರದ ಡಬ್ಬಿ ಕಳಸ್ತಾಳ," ಎಂದು ಹೇಳಿಕೊಂಡ. ಹಾಗೆ ಹೇಳುವುದು ತಪ್ಪೆಂದು ಶಿವಕಾಂತಾಗೂ ಅನ್ನಿಸಿರಲಿಲ್ಲ. ಮಗಳು ದೂರ ಹೋಗಿಲ್ಲ ಎಂದು ಒಳಗೊಳಗೇ ಸಮಾಧಾನವಾಗುತ್ತಿತ್ತು.

ನವೆಂಬರಿನ ಕೊನೆಗೆ ಫೋಟೋಗಳು ನಿಂತವು. ವಿಡಿಯೋದಲ್ಲಿ ಮಗಳು ಮುಖ ತೋರಿಸುವುದು ಕಡಿಮೆಯಾಯಿತು. ಛತ್ತಿನ ಫ್ಯಾನು, ಕಿಟಕಿಯ ಪರದೆ ಕಾಣುತ್ತಿದ್ದವು. ಏನು ಉಂಡೆ ಎಂದರೆ "ಉಂಡೆ" ಎನ್ನುತ್ತಿದ್ದಳು. ಖಡಕ್ ರೊಟ್ಟಿ ಎಷ್ಟು ಉಳಿದಿವೆ ಎಂದು ಶಿವಕಾಂತಾ ಒಂದು ದಿನ ಉಪಾಯದಿಂದ ಕೇಳಿದಳು. ಎಲ್ಲ ಮುಗಿದಿದ್ದವು. ಆರು ತಿಂಗಳಿಗೆಂದು ಕಟ್ಟಿದ್ದವು ಮೂರು ತಿಂಗಳಿಗೇ ತೀರಿದ್ದವು ಎಂದರೆ ಹುಡುಗಿ ಕೋಣೆ ಬಿಟ್ಟು ಹೊರಗೆ ಹೋಗಿ ಉಣ್ಣುತ್ತಿಲ್ಲ ಎಂದು ತಾಯಿಗೆ ಅರ್ಥವಾಯಿತು.

ಉಳಿದದ್ದು ಅಭಿಲಾಷನ ಬಾಯಿಂದ ಬಂತು. ಅಕ್ಕ ಅವನೊಬ್ಬನಿಗೆ ಹೇಳಿದ್ದಳು, ಅವನು ಮಧ್ಯಾಹ್ನದ ಊಟಕ್ಕೆ ಕೂತಾಗ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಹೇಳಿಬಿಟ್ಟ. ಮೊದಲ ಅವಧಿಯ ಪರೀಕ್ಷೆಯಲ್ಲಿ ಅಂಕ ಎಂಬತ್ತರ ಕೆಳಗೆ ಬಿದ್ದಿವೆ. ವಿದ್ಯಾರ್ಥಿವೇತನದವರು ಎಚ್ಚರಿಕೆ ಕೊಟ್ಟಿದ್ದಾರೆ. ಫೆಬ್ರವರಿಯ ಪರೀಕ್ಷೆಯಲ್ಲೂ ಹೀಗಾದರೆ ವೇತನ ನಿಲ್ಲುತ್ತದೆ, ಅಕ್ಕ ತಿರುಗಿ ಬರಬೇಕು.

ರುದ್ರವ್ವ ಮಜ್ಜಿಗೆಯ ಬಟ್ಟಲು ಕೆಳಗಿಟ್ಟಳು. "ಬರ್ಲಿ. ವೈಶಾಖದಾಗ ಅಕ್ಷತಿ ಹಾಕೂಣು."

"ಅವ್ವ, ಇನ್ನೂ ಟೈಮ್ ಅದ," ಎಂದ ಬಸವಪ್ರಭು. ಆದರೆ ಅವನ ದನಿಯಲ್ಲಿ ಜೋರಿರಲಿಲ್ಲ.

ಶಿವಕಾಂತಾ ಉಣ್ಣದೆ ಎದ್ದಳು. ಅಷ್ಟು ಜಾಣ ಹುಡುಗಿ, ಶಾಲೆಯಲ್ಲಿ ಎಂದೂ ಹಿಂದೆ ಬಿದ್ದವಳಲ್ಲ. ಏನಾಯಿತು ಇವಳಿಗೆ?

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಬದನೆಕಾಯಿ ಸೀಳುತ್ತಿದ್ದಾಗ ಗಲ್ಲೆಯಿಂದ ಗಂಡನ ಮಾತು ಕೇಳಿಸಿತು. ಅವನು ಮಗಳಿಗೆ ಫೋನಿನಲ್ಲಿ ಹೇಳಿ ಕಳಿಸುತ್ತಿದ್ದ, ಇವತ್ತು ಮೆಂತ್ಯೆ ಬಂದಿಲ್ಲ, ಗಿರಾಕಿಗಳಿಗೆ ತಿಳಿಸು ಎಂದು. ಉತ್ತರ ಥಟ್ಟನೆ ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಶಿವಕಾಂತಾ ಗೋಡೆಯ ಗಡಿಯಾರ ನೋಡಿದಳು. ಎಂಟು ಗಂಟೆ. ಅಲ್ಲಿ ಹತ್ತೂವರೆ. ಹೋಗುವ ಮೊದಲು ಮಗಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೋದ ವೇಳಾಪಟ್ಟಿಯನ್ನು ದಿನಾ ನೋಡುತ್ತಿದ್ದಳು, ಇವತ್ತು ಓದಿದಳು. ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಪಾಠ.

ಡಬ್ಬಿಯ ಹೊತ್ತೂ ಪಾಠದ ಹೊತ್ತೂ ಒಂದೇ.

ಅವಳ ಕೈಯ ಚಾಕು ಹಾಗೇ ನಿಂತಿತು. ಹುಡುಗಿಯನ್ನು ಸಮುದ್ರ ದಾಟಿಸಿ ಕಳಿಸಿದೆವು, ದಿನ ಬೆಳಗಾದರೆ ಅದೇ ಹುಡುಗಿಯನ್ನು ಎಳೆದು ತಂದು ಇದೇ ಒಲೆಯ ಮುಂದೆ ಕೂರಿಸಿದೆವು.

ಮಧ್ಯಾಹ್ನ ಡಬ್ಬಿಗಳೆಲ್ಲ ಹೋದ ಮೇಲೆ ಅವಳು ಗಂಡನ ಮುಂದೆ ಬಂದು ನಿಂತು, ನಾಳೆಯಿಂದ ಮಗಳಿಗೆ ಡಬ್ಬಿಯ ಕೆಲಸ ಹೇಳಕೂಡದು ಎಂದಳು. ಬಸವಪ್ರಭುವಿಗೆ ಸಿಟ್ಟು ಬಂತು. ಗಲ್ಲೆ, ಗಿರಾಕಿ, ಬಾಜಾರ ಎಲ್ಲ ತನ್ನ ತಲೆಯ ಮೇಲಿವೆ, ಅಭಿಲಾಷ ರಸ್ತೆಯ ಮೇಲಿರುತ್ತಾನೆ. ಬಂದ ಮೆಸೇಜಿಗೆ ಉತ್ತರ ಕೊಡುವವರು ಯಾರು?

"ನಾ ಕೊಡ್ತೀನ್ರಿ."

ಗಂಡ ನಕ್ಕ. ಕೆಟ್ಟ ನಗೆಯಲ್ಲ, ಆದರೆ ನಗೆ. "ನೀನು? ಇಪ್ಪತ್ತೈದು ವರ್ಷ ಆತು ಪುಣೆಗೆ ಬಂದು. ದವಾಖಾನಿಗೆ ಹೋದ್ರೂ ಹೊಟ್ಟಿ ನೋಯ್ತದ ಅಂತ ಮಗಳ ಬಾಯಿಂದ ಹೇಳಸ್ತಿ."

ಅದು ನಿಜವೇ. ಮರಾಠಿ ಅವಳಿಗೆ ತಿಳಿಯುತ್ತಿತ್ತು, ನಾಲಗೆ ಮಾತ್ರ ಏಳುತ್ತಿರಲಿಲ್ಲ. ಬ್ಯಾಂಕಿಗೆ, ಶಾಲೆಗೆ, ಬಟ್ಟೆ ಅಂಗಡಿಗೆ ಎಲ್ಲ ಕಡೆ ತ್ರಿವೇಣಿ ಮುಂದೆ, ಇವಳು ಹಿಂದೆ. ಆ ಹುಡುಗಿ ಏಳನೆಯ ವಯಸ್ಸಿನಿಂದ ತಾಯಿಯ ಬಾಯಾಗಿ ಬೆಳೆದವಳು.

"ಅದಕ್ಕೇ," ಎಂದಳು ಶಿವಕಾಂತಾ.

ಸಂಜೆ ಅಭಿಲಾಷ ಗಲ್ಲೆಯ ಹಳೆಯ ಫೋನಿನಲ್ಲಿ ವಾಟ್ಸಾಪು ಹಾಕಿದ. ಸಿಮ್ಮು ಇಲ್ಲೇ ಇದ್ದುದರಿಂದ ಗುಟ್ಟಿನ ಅಂಕಿ ಇಲ್ಲಿಗೇ ಬಂತು. ಅದನ್ನು ಒತ್ತಿದ್ದೇ ತಡ, ಇಲ್ಲಿ ತೆರೆಯಿತು, ಅಲ್ಲಿ ಮುಚ್ಚಿತು. ಮಗಳಿಗೆ ಮೊದಲೇ ಹೇಳಬೇಕೆಂಬುದು ಯಾರಿಗೂ ಹೊಳೆಯಲಿಲ್ಲ.

ಸ್ವಲ್ಪ ಹೊತ್ತಿಗೇ ತ್ರಿವೇಣಿಯ ಸ್ವಂತ ನಂಬರಿನಿಂದ ವಿಡಿಯೋ ಕಾಲ್ ಬಂತು. ಬಹಳ ದಿನಗಳ ಮೇಲೆ ಪೂರಾ ಮುಖ ಕಂಡಿತು. ಕಣ್ಣು ಕೆಂಪಾಗಿದ್ದವು.

"ಅವ್ವಾ, ನನ್ನ ಹೊರಗ ಹಾಕಿದ್ರೇನು?"

"ಹೊರಗ ಅಲ್ಲವಾ, ಪಾಠಕ್ಕ ಕೂಡಸೀನಿ."

"ನಿನಗೇನ್ ಗೊತ್ತದ ಇಲ್ಲಿದು? ಕ್ಲಾಸಿನ್ಯಾಗ ಬಾಯಿ ತಗದ್ರ ನಾ ಏನಂತೀನಂತ ಯಾರಿಗೂ ತಿಳಿಯಂಗಿಲ್ಲ. ಅಂಗಡಿಯಾಗ ಬೆರಳು ಮಾಡಿ ತೋರಸ್ತೀನಿ, ಮೂಗಿ ಹಂಗ. ದಿನಾ ಮುಂಜಾನೆ ಆ ಫೋನಿನ್ಯಾಗ ಅರವತ್ತು ಮಂದಿ ನನ್ನ ಮಾತಾಡಸ್ತಿದ್ರು. ತಾಈ, ಅಕ್ಕಾ ಅಂತಿದ್ರು. ಅದೊಂದಽ ಇತ್ತು ನನಗ."

ತಾವು ಹುಡುಗಿಯನ್ನು ದುಡಿಸುತ್ತಿದ್ದೇವೆ ಎಂದು ಶಿವಕಾಂತಾ ಅಂದುಕೊಂಡಿದ್ದಳು. ಹುಡುಗಿ ಆ ಫೋನಿನೊಳಗೆ ಅಡಗಿ ಕೂತಿದ್ದಳು. ಆದರೂ ಸೋಲಲಿಲ್ಲ.

"ಅದೊಂದು ಇತ್ತಂತ ಅಲ್ಲಿ ಇನ್ನೊಂದು ಹುಟ್ಟಲಿಲ್ಲ ತಂಗಿ. ಅಲ್ಲಿ ಕಾಯಿಪಲ್ಯ ಮಾರೋರು ಇಲ್ಲೇನು? ಹೋಗಿ ಅವರ ಮುಂದ ನಿಂದ್ರು. ನಾ ಏನರ ನಾಕು ಮಾತು ಮರಾಠಿ ಕಲತಿದ್ರ ಕಾಯಿಪಲ್ಯದವ್ರ ಕಡಿಂದಽ ಕಲತೀನಿ."

ಮಗಳು ಫೋನು ಇಟ್ಟುಬಿಟ್ಟಳು. ನಾಲ್ಕು ದಿನ ಮಾತಾಡಲಿಲ್ಲ.

ಆ ನಾಲ್ಕು ದಿನ ಶಿವಕಾಂತಾಳ ಪಾಲಿಗೂ ಮೂಗಿಯ ದಿನಗಳೇ ಆಗಿದ್ದವು. ಮೆಸೇಜುಗಳನ್ನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಪಲ್ಯ ತಳ ಹಿಡಿಯುತ್ತಿತ್ತು. ಬರೆಯಲು ಬಾರದೆ ದನಿ ಕಳಿಸಿದರೆ ತನ್ನದೇ ದನಿ ತನಗೆ ನಾಚಿಕೆ ತರುತ್ತಿತ್ತು. ಗುರುವಾರ ಒಂದು ಆಫೀಸಿನವನು ಫೋನೇ ಮಾಡಿದ. ಹರಿಯುವ ನೀರಿನಂತೆ ಮಾತಾಡಿದ. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿ ಎನ್ನಲು ಅಂಜಿ, ಎಲ್ಲದಕ್ಕೂ "ಹೋ, ಹೋ" ಎಂದಳು. ಮರುದಿನ ಅಭಿಲಾಷ ಅಲ್ಲಿಗೆ ಹದಿನೈದು ಡಬ್ಬಿ ಒಯ್ದರೆ ಆಫೀಸಿಗೆ ಬೀಗ. ರಜೆಯಿದೆ, ಡಬ್ಬಿ ಬೇಡ ಎಂದು ಅವನು ಹೇಳಿದ್ದ. ಇವಳು ಹೌದು ಹೌದು ಎಂದಿದ್ದಳು.

ಬಸವಪ್ರಭು ಗಿರಾಕಿಗಳ ಮುಂದೆಯೇ ಕೂಗಾಡಿದ. ಮನೆಯವರೆಲ್ಲ ಎರಡು ಹೊತ್ತು ಅದೇ ಎಣ್ಣೆಗಾಯಿ ಉಂಡರು. ರುದ್ರವ್ವ ಒಂದೊಂದು ತುತ್ತಿಗೂ, "ಭಾಳ ರುಚಿ ಆಗ್ಯಾವ, ಇನ್ನಷ್ಟು ಆಫೀಸು ಬಂದ್ ಆಗ್ಲಿ," ಎಂದು ಚುಚ್ಚಿದಳು. ಶಿವಕಾಂತಾ ಎಲ್ಲವನ್ನೂ ಕೇಳಿ, ಪಾತ್ರೆ ತಿಕ್ಕಿ, ಮರುದಿನ ಬೆಳಿಗ್ಗೆ ಮತ್ತೆ ಫೋನು ಎತ್ತಿಕೊಂಡಳು. ಈ ಸಲ ಮೊದಲೇ ಕಲಿತಿಟ್ಟ ಒಂದು ಮಾತನ್ನು ಎಲ್ಲರಿಗೂ ಹೇಳಿದಳು: "ಪುನ್ಹಾ ಸಾಂಗಾ, ಹಳೂ ಸಾಂಗಾ. ಮಾಝೀ ಮರಾಠೀ ಕಚ್ಚೀ ಆಹೇ." ಇನ್ನೊಮ್ಮೆ ಹೇಳಿ, ನಿಧಾನ ಹೇಳಿ, ನನ್ನ ಮರಾಠಿ ಹಸಿ. ಯಾರೂ ನಗಲಿಲ್ಲ. ಕಲ್ಯಾಣಿನಗರದ ಒಬ್ಬ ಡಾಕ್ಟರಮ್ಮನಂತೂ ನಿಧಾನವಾಗಿ ಹೇಳಿ, ಕೊನೆಗೆ ಚಟ್ನಿ ಮಾಡುವವರು ನೀವೇನಾ ಎಂದು ಕೇಳಿದಳು. ಹೌದು ಎಂದು ಹೇಳುವಾಗ ಶಿವಕಾಂತಾಳ ಬೆನ್ನು ತಾನಾಗಿ ನೆಟ್ಟಗಾಯಿತು.

ಐದನೆಯ ದಿನ ಮಗಳ ಕಾಲ್ ಬಂದಾಗ ಶಿವಕಾಂತಾ ಹದಿನೈದು ಡಬ್ಬಿಯ ಕತೆ ಹೇಳಿದಳು, ತನ್ನ "ಹೋ, ಹೋ"ವನ್ನು ಹಾಗೇ ಅಂದು ತೋರಿಸಿದಳು. ತ್ರಿವೇಣಿ ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ತಡೆಯದೆ ನಕ್ಕಳು. ತಿಂಗಳ ಮೇಲೆ ಕೇಳಿದ ನಗೆ.

"ನಂದೂ ಹಂಗಽ ಆತವ್ವ. ಬಾಜಾರಕ್ಕ ಹೋಗಿದ್ದೆ. ಮುದುಕಿ ಏನೋ ಕೇಳಿದ್ಲು, ಹೌದು ಹೌದು ಅಂದೆ. ನನ್ನ ಚೀಲದ ತುಂಬ ಹಾಗಲಕಾಯಿ ತುಂಬಿಬಿಟ್ಲು."

"ತಿಂದೇನು ಮತ್ತ?"

"ಮೂರು ದಿನ ತಿಂದೆ. ಇವತ್ತು ಹೋಗಿ, ಹಾಗಲಕಾಯಿ ಬ್ಯಾಡ ಅನ್ನೂದು ಹೆಂಗಂತ ಅಕಿನ್ನೇ ಕೇಳಿ ಬಂದೆ."

ಅಂದಿನಿಂದ ಅದೊಂದು ರೂಢಿಯಾಯಿತು. ಸಂಜೆ ಕಾಲ್ ಬಂದರೆ ಮೊದಲ ಮಾತು, "ಇವತ್ತಿಂದು ಹೇಳು." ಆ ದಿನದ ತಪ್ಪನ್ನು ತಾಯಿ ಮಗಳಿಗೆ, ಮಗಳು ತಾಯಿಗೆ ಒಪ್ಪಿಸಬೇಕು. ತಪ್ಪೇ ಇಲ್ಲದ ದಿನ ಬಾಯಿ ತೆರೆಯದ ದಿನ ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಮಗಳ ದಿನ ಹೇಗಿರುತ್ತದೆ ಎಂದು ಶಿವಕಾಂತಾಗೆ ಈಗ ಗೊತ್ತಾಗತೊಡಗಿತು. ತಾನು ಕಿವಿಗೆ ಪರಿಚಯವಿದ್ದ ಭಾಷೆಯಲ್ಲಿ ನಾಲ್ಕು ಡಬ್ಬಿಯ ಮಾತಾಡಲು ಬೆವರುತ್ತಾಳೆ. ಈ ಹುಡುಗಿ ನಮ್ಮ ಅಕ್ಷರದ ಗಾಳಿಯೂ ಇಲ್ಲದ ಊರಿನಲ್ಲಿ ಒಬ್ಬಳೇ ನಿಂತು, ದಿನಾ ಬಿದ್ದು, ಮರುದಿನ ಅದೇ ಮುದುಕಿಯ ಮುಂದೆ ಹೋಗಿ ನಿಲ್ಲುತ್ತಾಳೆ. ಯಾರಿಂದ ಬಂತು ಇವಳಿಗೆ ಈ ಗಟ್ಟಿತನ ಎಂದು ತಾಯಿ ಬೆರಗಾದಳು.

ರುದ್ರವ್ವ ಈ ಮಾತುಕತೆಗೆಲ್ಲ ಬೆನ್ನು ತಿರುಗಿಸಿಯೇ ಕೂರುತ್ತಿದ್ದಳು. ಜನವರಿಯ ಮೊದಲ ಭಾನುವಾರ ಮಾತ್ರ ಬೇರೆಯಾಯಿತು. ಖಾನಾವಳಿಗೆ ರಜೆ. ತ್ರಿವೇಣಿ ಬಾಜಾರದಿಂದಲೇ ಕಾಲ್ ಮಾಡಿ, ಫೋನನ್ನು ಕಾಯಿಪಲ್ಯದ ಕಟ್ಟೆಯ ಮೇಲೆ ಆನಿಸಿ ನಿಲ್ಲಿಸಿದ್ದಳು. ದೊಡ್ಡ ಟೊಪ್ಪಿಗೆಯ ಮುದುಕಿಯೊಬ್ಬಳು ಕಂಡಳು. ಮಗಳು ಗಜ್ಜರಿ ಹಿಡಿದು ಏನೋ ಅಂದಳು. ಮುದುಕಿ ಏನೋ ಅಂದಳು. ಮಗಳು ತಲೆ ಅಲ್ಲಾಡಿಸಿ, ಗಜ್ಜರಿ ಕೆಳಗಿಟ್ಟು ಹೊರಟಂತೆ ಮಾಡಿದಳು. ಮುದುಕಿ ಕೂಗಿ ಕರೆದಳು. ಇಬ್ಬರೂ ನಕ್ಕರು. ಗಜ್ಜರಿ ಚೀಲಕ್ಕೆ ಬಿದ್ದ ಮೇಲೆ ಮುದುಕಿ ಒಂದು ಹಿಡಿ ಉಳ್ಳಾಗಡ್ಡಿ ತಪ್ಪಲು ಎತ್ತಿ, ಕೇಳದೆಯೇ ಅದರ ಮೇಲೆ ತುರುಕಿದಳು.

ರುದ್ರವ್ವ ಯಾವಾಗ ತಿರುಗಿ ಕೂತಳೋ, ಶಿವಕಾಂತಾಳ ಹೆಗಲ ಮೇಲಿಂದ ಅವಳ ದನಿ ಬಂತು.

"ಏನದು ಕೊಟ್ಲು? ರೊಕ್ಕ ಇಸಗೊಳ್ಳಿಲ್ಲಲ್ಲ?"

"ಉಳ್ಳಾಗಡ್ಡಿ ತಪ್ಪಲಾ, ಆಯಿ. ಪುಕ್ಕಟೆ. ಗುರುತಿನವ್ರಿಗೆ ಇಲ್ಲಿ ಹಂಗ ಕೊಡ್ತಾರ."

ಫೋನು ಇಟ್ಟ ಮೇಲೆ ರುದ್ರವ್ವ ಸೊಸೆಗೆ ಹೇಳಿದಳು, ಮದುವೆಯಾಗಿ ಬಂದ ಹೊಸದರಲ್ಲಿ ಯೆರವಡಾದ ಬಾಜಾರದಲ್ಲಿ ತನಗೆ ಹಳೆಯ ಮಾಲನ್ನೇ ಹಾಕಿ ಕಳಿಸುತ್ತಿದ್ದರಂತೆ, ಕೇಳಲು ಬಾಯಿ ಬಾರದೆ ತಂದು ಗಂಡನಿಂದ ಬೈಸಿಕೊಳ್ಳುತ್ತಿದ್ದಳಂತೆ.

"ಇಲ್ಲಿ ನನ್ನ ಚೀಲದಾಗ ಪುಕ್ಕಟೆ ಕೊತ್ತಂಬರಿ ಬೀಳೂದಕ್ಕ ಎರಡು ವರ್ಷ ಹಿಡೀತು. ಇಕಿ ನಾಕು ತಿಂಗಳದಾಗ ಇಸಗೊಂಡ್ಳು." ಆಮೇಲೆ, ಹೊಗಳಿದ್ದು ಹೆಚ್ಚಾಯಿತೇನೋ ಎಂಬಂತೆ, "ಆದ್ರ ಆ ಗಜ್ಜರಿ ಎಳೇವು ಇರಲಿಲ್ಲ," ಎಂದು ಸೇರಿಸಿದಳು.

ಮರುವಾರ ಭೋಗಿ ಬಂತು. ಸಂಕ್ರಾಂತಿಯ ಹಿಂದಿನ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕೂಡುಪಲ್ಯ ಇಡೀ ಪುಣೆಗೆ ಬೇಕು. ಫೋನು ಕೆಳಗಿಡಲು ಆಗುತ್ತಿರಲಿಲ್ಲ. ಶಿವಕಾಂತಾಳ ಒಂದು ಕಿವಿಯಲ್ಲಿ ಗಿರಾಕಿ, ಒಂದು ಕೈಯಲ್ಲಿ ಸೌಟು. ಬಸವಪ್ರಭುವಿನ ಧೈರ್ಯ ಕುಸಿಯಿತು. ಎರಡೇ ದಿನದ ಮಟ್ಟಿಗೆ ವಾಟ್ಸಾಪನ್ನು ತ್ರಿವೇಣಿಗೆ ಕೊಡೋಣ, ಹಬ್ಬ ಮುಗಿದ ಮೇಲೆ ತಿರುಗಿ ತಗೊಳ್ಳೋಣ ಎಂದು ಫೋನಿಗೆ ಕೈ ಚಾಚಿದ.

ಅವನಿಗಿಂತ ಮೊದಲು ರುದ್ರವ್ವನ ಹಿಟ್ಟಿನ ಕೈ ಫೋನಿನ ಮೇಲೆ ಬಿತ್ತು. ಅದನ್ನು ಎತ್ತಿ ಮಡಿಲಿನಲ್ಲಿ ಹಾಕಿಕೊಂಡಳು.

"ಅಕಿಗೆ ಸಾಲಿ ಅದ, ಪಾಠ ಅದ," ಎಂದಳು.

"ಅವ್ವ, ನೂರಾರು ರೊಟ್ಟಿ ಅದಾವ. ಹೆಂಗ ಆಗ್ತದ?"

"ಗಲ್ಲೆ ಮ್ಯಾಲೆ ಕುಂತ್ರ ಹೆಂಗ ಆಗ್ತದ? ಇಳದು ಬಾ. ಎಳ್ಳು ಹಚ್ಚಾಕ ಮಂತ್ರ ಬೇಕಾಗಂಗಿಲ್ಲ."

ಮನೆಯ ಗಂಡಸು ಆ ಒಲೆಯ ಮುಂದೆ ಕೂತದ್ದು ಅದೇ ಮೊದಲು. ಬಸವಪ್ರಭು ಅಂಗಿಯ ತೋಳು ಮಡಚಿ, ತಾಯಿ ಬಡಿದ ರೊಟ್ಟಿಗೆ ಎಳ್ಳು ಹಚ್ಚಿದ, ಅಭಿಲಾಷ ಬೇಯಿಸಿದ. ನಾಲ್ಕಾರು ರೊಟ್ಟಿ ಹರಿದವು, ಕೆಲವು ಹೊತ್ತಿದವು. ಶಿವಕಾಂತಾ ಬಾಗಿಲಲ್ಲಿ ನಿಂತು ಅತ್ತೆಯ ಮಡಿಲಿನಿಂದ ಫೋನು ಇಸಿದುಕೊಂಡು, ಒಂದೊಂದೇ ಗಿರಾಕಿಗೆ ಮರಾಠಿಯಲ್ಲಿ ಹಬ್ಬದ ಶುಭಾಶಯವನ್ನೂ ಸೇರಿಸಿ ಹೇಳಿದಳು. ಸಂಜೆ "ಇವತ್ತಿಂದು ಹೇಳು" ಎಂದು ಮಗಳು ಕೇಳಿದಾಗ, "ಇವತ್ತು ತಪ್ಪು ಮಾಡೂದು ನಿಮ್ಮಪ್ಪಂದು ಪಾಳಿ," ಎಂದಳು.

ಫೆಬ್ರವರಿಯ ಕೊನೆಗೆ ಪರೀಕ್ಷೆಯ ಫಲ ಬಂತು. ತ್ರಿವೇಣಿ ಎಂಬತ್ತರ ಗೆರೆ ದಾಟಿದ್ದಳು. ದಾಟಿದ್ದಷ್ಟೇ ಅಲ್ಲ, ಅವಳನ್ನು ಮೇಲಿನ ತರಗತಿಗೆ ಏರಿಸಿದ್ದರು. ಬಸವಪ್ರಭು ಅಂದು ಪ್ರತಿ ಡಬ್ಬಿಯಲ್ಲೂ ಒಂದೊಂದು ಶೇಂಗಾ ಹೋಳಿಗೆ ಇಡಿಸಿದ. ರುದ್ರವ್ವ ತಾನೇ ಇಂದಾಪುರಕ್ಕೆ ಫೋನು ಮಾಡಿಸಿ, ನಿಮ್ಮ ಚನ್ನವೀರನಿಗೆ ಬೇರೆ ಕಡೆ ನೋಡಿ ಎಂದು ಹೇಳಿದಳು. ಕಾರಣ ಕೇಳಿದ್ದಕ್ಕೆ ಒಂದೇ ಮಾತು: "ನಮ್ಮ ಹುಡುಗಿ ಕೈಗೆ ಸಿಗಂಗಿಲ್ಲ."

ಉಳಿದ ತಿಂಗಳುಗಳು ಸುಲಭವಾಗಿದ್ದವು ಎಂದಲ್ಲ. ಒಂದು ಬೆಳಿಗ್ಗೆ ಅಲ್ಲಿ ನೆಲ ನಡುಗಿ, ಹುಡುಗಿಯ ದನಿ ಕೇಳುವವರೆಗೂ ಈ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಜೂನಿನ ಧಗೆಯಲ್ಲಿ ಅವಳು ಒಂದು ವಾರ ಜ್ವರದಲ್ಲಿ ಮಲಗಿದಳು. ಗಂಜಿ ಮಾಡಿ ತಂದುಕೊಟ್ಟವಳು ಆ ಕಾಯಿಪಲ್ಯದ ಮುದುಕಿ. ಅದನ್ನು ಕೇಳಿ ರುದ್ರವ್ವ, ಬರುವಾಗ ಅವಳಿಗೆ ಏನಾದರೂ ಕೊಟ್ಟು ಬಾ, ಬರಿಗೈಯಲ್ಲಿ ಬೀಳ್ಕೊಂಡು ಬರಬೇಡ ಎಂದು ಹೇಳಿ ಕಳಿಸಿದಳು.

ವರ್ಷ ಪೂರೈಸಿ ತ್ರಿವೇಣಿ ಬಂದಾಗ ಪುಣೆಯಲ್ಲಿ ಗಣಪತಿಯ ಮಂಟಪಗಳಿಗೆ ಬಿದಿರು ಹೂಳುತ್ತಿದ್ದರು. ತೆಳ್ಳಗಾಗಿದ್ದಳು, ನಡಿಗೆ ಚುರುಕಾಗಿತ್ತು. ಚಾಕಣದ ಒಂದು ಕಾರ್ಖಾನೆಯವರು ಸೋಮವಾರ ಕೆಲಸಕ್ಕೆ ಬಾ ಎಂದಿದ್ದರು. ಮರುದಿನ ಬೆಳಿಗ್ಗೆ ಎಂದಿನ ಅಭ್ಯಾಸದಂತೆ ಎದ್ದು ಕೆಳಗೆ ಬಂದು ಒಲೆಯ ಪಕ್ಕ ಕೂತಳು. ಅಪ್ಪ ಹಿಟ್ಟು ಕಲಸುತ್ತಿರುವುದನ್ನು ಕಂಡು ಕಣ್ಣರಳಿಸಿದಳು.

ಅಷ್ಟರಲ್ಲಿ ಕಟ್ಟೆಯ ಮೇಲೆ ಹಳೆಯ ಫೋನು ಹೊಡೆದುಕೊಂಡಿತು. ತ್ರಿವೇಣಿಯ ಕೈ ತಾನಾಗಿ ಅತ್ತ ಹೋಯಿತು. ಶಿವಕಾಂತಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಮಗಳು ತಾಯಿಯ ಮುಖ ನೋಡಿ, ಚಾಚಿದ ಕೈಯನ್ನು ಮೆಲ್ಲನೆ ಹಿಂದೆ ತಗೊಂಡು ಹಿಟ್ಟಿನ ಪರಾತಕ್ಕೆ ಹಾಕಿದಳು.

ಕಲ್ಯಾಣಿನಗರದ ಡಾಕ್ಟರಮ್ಮ. ಮೊದಲಿನ ತಾಈ ತಿರುಗಿ ಬಂದಳಂತೆ ಹೌದೇ, ಇನ್ನು ಡಬ್ಬಿ ಅವಳಿಗೇ ಹೇಳಬೇಕೇ ಎಂದು ಕೇಳುತ್ತಿದ್ದಳು.

"ಆಲೀ," ಎಂದಳು ಶಿವಕಾಂತಾ. "ಪಣ ಡಬ್ಬಾ ಮಲಾಚ ಸಾಂಗಾ."

ಬಂದಿದ್ದಾಳೆ. ಆದರೆ ಡಬ್ಬಿ ನನಗೇ ಹೇಳಿ.